ಸರ್ವರ್ ಕೋಣೆಯಲ್ಲಿ ಮಲ್ಲಿಗೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಹತ್ತೂವರೆಗೆ ಕಾಪುವಿನ ನಮ್ಮ ಗೇರುಬೀಜ ಕಂಪನಿಯ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ನಿಂತುಹೋದವು. ಮಂಗಳೂರು ಬಂದರಿಗೆ ಹೋಗಬೇಕಾದ ಕಂಟೇನರ್ ಲಾರಿ ಗೇಟಿನಲ್ಲಿ ಕಾಯುತ್ತಿತ್ತು. ಕಾಗದಪತ್ರ ಪ್ರಿಂಟಾಗದೆ ಅದು ಹೊರಡುವ ಹಾಗಿಲ್ಲ. ಇಲ್ಲಿಯ ಮಾಹಿತಿ ವ್ಯವಸ್ಥೆಯ ಮ್ಯಾನೇಜರ್ ನಾನು. ಸರ್ವರ್ ಕೋಣೆಗೆ ಓಡಿದೆ.

ಬಾಗಿಲು ತೆಗೆದರೆ ಘಮ್ಮೆಂದು ಶಂಕರಪುರ ಮಲ್ಲಿಗೆಯ ಪರಿಮಳ! ಒದ್ದೆ ಬಾಳೆಎಲೆಯಲ್ಲಿ ಸುತ್ತಿದ ಹೂವಿನ ಕಟ್ಟುಗಳು, ನಮ್ಮ ಕಡೆಯ ಮಾತಿನಲ್ಲಿ ಅಟ್ಟೆಗಳು, ಸರ್ವರಿನ ತಲೆಯ ಮೇಲೆ ಸಾಲಾಗಿ ಕುಳಿತಿದ್ದವು. ಎಲೆಯಿಂದ ತೊಟ್ಟಿಕ್ಕಿದ ನೀರು ಒಳಗೆ ಇಳಿದಿತ್ತು.

"ಯಾರು ಇಟ್ಟದ್ದು ಇದನ್ನು?" ಎಂದು ಕಿರುಚಿದೆ. ಆ ಕೋಣೆಯ ಇನ್ನೊಂದು ಬೀಗದ ಕೈ ಇರುವುದು ನಮ್ಮ ಧಣಿಗಳ ಹತ್ತಿರ ಮಾತ್ರ. ಅವರೇ ಬಂದರು.

"ನಾನೇ ಮಾರಾಯ. ಸಂಜೆ ಮಗಳ ಮೆಹೆಂದಿ ಉಂಟಲ್ವಾ? ಇಡೀ ಆಫೀಸಿನಲ್ಲಿ ಇಷ್ಟು ತಂಪು ಇರುವುದು ಇಲ್ಲಿ ಮಾತ್ರ."

"ಇಲ್ಲಿಗೆ ನೀರು ತರಬಾರದು ಅಂತ ಬಾಗಿಲಲ್ಲೇ ಬರೆದಿದ್ದೇನೆ ಸರ್!"

ಅವರು ಕನ್ನಡಕ ಹಾಕಿಕೊಂಡು ಓದಿದರು. "ನೀರು, ಚಹಾ, ತಿಂಡಿ ಅಂತ ಉಂಟು. ಹೂವಿನ ಸುದ್ದಿ ಎಲ್ಲುಂಟು?"

ಮೂಲೆಗೆ ಸೇರಿದ್ದ ಇನ್ನೊಂದು ಹಳೆಯ ಸರ್ವರಿಗೆ ಬ್ಯಾಕಪ್ ಹಾಕಿ ಲಾರಿ ಕಳುಹಿಸುವಾಗ ಮೂರು ಗಂಟೆ ದಾಟಿತ್ತು. ಊಟವೂ ಇಲ್ಲ. ಆಮೇಲೆ ಬಾಗಿಲಿನ ಪಟ್ಟಿಗೆ 'ಹೂವು' ಎಂದು ಸೇರಿಸಿದೆ. ಎರಡು ಹೆಜ್ಜೆ ಹೋದವನು ತಿರುಗಿ ಬಂದು 'ಮೀನು' ಎಂದೂ ಬರೆದೆ. ಮದುವೆಯ ಮಾರನೆಯ ದಿನ ಬೀಗರ ಊಟವೂ ಇರುತ್ತದಲ್ಲ!