ಫ್ಯಾನಿನ ಮೇಲಿನ ವಿಭೂತಿ

ಹೋದ ವರ್ಷ ಮಸ್ಕಿಯ ನನ್ನ ಅಂಗಡಿಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಹತ್ತು ಬಂದ್ ಆಗತೈತಂತ. ಹನ್ನೊಂದು ಹಾಕ್ಸೋದು ಚಲೋನೋ, ಆ ಪುಕ್ಕಟೆದು ಚಲೋನೋ?"

ಹತ್ತು, ಹನ್ನೊಂದು ಎಂದರೆ ವಿಂಡೋಸಿನ ಹಳೆಯದು ಮತ್ತು ಹೊಸದು. ಪುಕ್ಕಟೆಯದು ಎಂದರೆ ಲಿನಕ್ಸ್. ಹತ್ತಕ್ಕೆ ಇನ್ನು ಮೇಲೆ ಕಂಪನಿಯ ರಕ್ಷಣೆ ಇರುವುದಿಲ್ಲ ಎಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡಿ, ಪಾಮನಕಲ್ಲೂರಿನಿಂದ ಜೆರಾಕ್ಸ್ ತೆಗೆಸಲು ಬಂದವರೂ ಗಾಬರಿಯಾಗಿದ್ದರು. ನಾನು ಎಂಟನೆಯ ತರಗತಿ ಫೇಲಾಗಿ ಶಾಲೆ ಬಿಟ್ಟವನು. ಸಿಂಧನೂರಿನ ಒಂದು ರಿಪೇರಿ ಅಂಗಡಿಯಲ್ಲಿ ಕಂಪ್ಯೂಟರುಗಳ ಧೂಳು ಊದುತ್ತ ಊದುತ್ತ ಕೆಲಸ ಕಲಿತೆ. ಆದರೂ ಈ ವಿಷಯ ಬಂದರೆ ಸಾಕು, ನನ್ನ ಮಾತು ನಿಲ್ಲುತ್ತಿರಲಿಲ್ಲ.

ಹನ್ನೊಂದು ನೋಡಲು ಚಂದ, ಎಲ್ಲ ಸರ್ಕಾರಿ ಕೆಲಸಕ್ಕೂ ಒಗ್ಗುತ್ತದೆ, ಪ್ರಿಂಟರು ತಕರಾರು ಮಾಡುವುದಿಲ್ಲ. ಆದರೆ ಎಂಟನೇ ಜನರೇಶನ್ನಿಗಿಂತ ಹಳೆಯ ಪ್ರೊಸೆಸರ್ ಇರುವ ಮಿಷೀನನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಲಿನಕ್ಸ್ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಹಳೆ ಮಿಷೀನಿನಲ್ಲೂ ಹಗುರಾಗಿ ಓಡುತ್ತದೆ, ವೈರಸ್ ಕಾಟ ಕಡಿಮೆ. ಆದರೆ ಪಿಂಚಣಿ ತೆಗೆಯಲು ಬರುವ ಮುದುಕರು ಬೆರಳಿಡುತ್ತಾರಲ್ಲ, ಆ ಹೆಬ್ಬೆಟ್ಟಿನ ಡಬ್ಬಿ ನಾನು ಎಷ್ಟು ಹೆಣಗಿದರೂ ಲಿನಕ್ಸಿನ ಮೇಲೆ ನಡೆಯಲಿಲ್ಲ. ಇಷ್ಟನ್ನೂ ನಾನು ದಿನಾ ಹೇಳುತ್ತಿದ್ದೆ. ಯಾವುದು ಮೇಲು ಎಂಬುದು ನಿಮ್ಮ ಕೆಲಸದ ಮೇಲೆ ಹೋಗುತ್ತದೆ ಎಂದು ಮುಗಿಸುತ್ತಿದ್ದೆ. ನನ್ನ ಮಾತು ಸರಿಯಾಗಿಯೇ ಇತ್ತು. ನಾನು ಅದನ್ನು ನನ್ನ ಅಕ್ಕನ ಮೇಲೆ ಬಳಸಿದ ರೀತಿ ಸರಿ ಇರಲಿಲ್ಲ.

ಅಕ್ಕನದು ಲಿಂಗಸುಗೂರಿನಲ್ಲಿ, ತಹಶೀಲ ಕಚೇರಿಯ ಎದುರು ಓಣಿಯಲ್ಲಿ ಟೈಪಿಂಗ್ ಅಂಗಡಿ. ಅರ್ಜಿ, ಕರಾರು ಪತ್ರ, ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ವಾಟ್ನಿ ಪತ್ರ, ಇವೆಲ್ಲದರ ನಮೂನೆ ಅವಳ ಕಂಪ್ಯೂಟರಿನಲ್ಲಿ ತಯಾರಿರುತ್ತಿದ್ದವು. ಬಂದವರ ಹೆಸರು, ಊರು, ಸರ್ವೆ ನಂಬರು ಬದಲಿಸಿದರೆ ಕಾಗದ ಮುಗಿಯಿತು. ಮುದಗಲ್ಲಿನ ಬಸ್ಸು ಬಂದಾಗ ಇಳಿದವರು ಅದೇ ಬಸ್ಸು ವಾಪಸು ಹೋಗುವುದರೊಳಗೆ ಕಾಗದ ಹಿಡಿದು ಹತ್ತಿಬಿಡುತ್ತಿದ್ದರು. ಅಂಗಡಿ ನಿಂತದ್ದೇ ಆ ವೇಗದ ಮೇಲೆ. ಎದುರಿಗೇ ಇನ್ನೊಂದು ಟೈಪಿಂಗ್ ಅಂಗಡಿ ಇತ್ತು. ಒಂದು ದಿನ ತಡವಾದರೆ ಜನ ರಸ್ತೆ ದಾಟುತ್ತಿದ್ದರು.

ನಮ್ಮಿಬ್ಬರ ಕಂಪ್ಯೂಟರುಗಳನ್ನು ಸಿಂಧನೂರಿನ ಒಬ್ಬ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯಿಂದ ಒಂದೇ ದಿನ ತಂದಿದ್ದೆವು. ಎರಡಕ್ಕೂ ಒಂದೇ ಕರೀ ಡಬ್ಬಿ. "ಎರಡೂ ಸೇಮ್ ಅದಾವ ನೋಡ್ರೀ, ಅವಳಿ ಜವಳಿ," ಎಂದಿದ್ದ ವ್ಯಾಪಾರಿ. ಅಕ್ಕ ಕಣ್ಣು ಮುಚ್ಚಿ ಒಂದನ್ನು ಮುಟ್ಟಿ, "ಇದು ನಂದು," ಎಂದಿದ್ದಳು.

ಬೇಸಿಗೆಯ ಹೊತ್ತಿಗೆ ಅವಳ ಕಂಪ್ಯೂಟರನ್ನು ಕ್ಲೀನ್ ಮಾಡಿ, ಹನ್ನೊಂದು ಹಿಡಿಯುತ್ತದೋ ಇಲ್ಲವೋ ನೋಡಿ ಕೊಡುತ್ತೇನೆಂದು ಮಸ್ಕಿಗೆ ತಂದೆ. ಪರೀಕ್ಷೆ ಮಾಡುವ ಸಣ್ಣ ತಂತ್ರಾಂಶವೊಂದಿದೆ. ಅದನ್ನು ಎರಡರಲ್ಲೂ ಓಡಿಸಿದೆ. ಅಕ್ಕನದಕ್ಕೆ ಹಸಿರು ಗುರುತು ಬಂತು. ನನ್ನದಕ್ಕೆ ಕೆಂಪು. ಹೊರಗಿನಿಂದ ಒಂದೇ ಥರ ಇದ್ದರೂ ನನ್ನದು ಒಂದು ಜನರೇಶನ್ ಹಿಂದಿನದು.

ಆ ಮಧ್ಯಾಹ್ನ ಬಿಸಿಲಿಗೆ ರಸ್ತೆಯ ಮೇಲೆ ಒಬ್ಬರೂ ಇರಲಿಲ್ಲ. ನಾನು ಎದ್ದು ಚಹಾ ಕುಡಿದು ಬಂದೆ. ಮತ್ತೆ ಕೂತೆ. ಮತ್ತೆ ಎದ್ದೆ. ನನಗೆ ಹೆಬ್ಬೆಟ್ಟಿನ ಡಬ್ಬಿ ಇದೆ, ಹನ್ನೊಂದಿಲ್ಲದೆ ಮುಂದೆ ನಡೆಯುವುದಿಲ್ಲ. ಅಕ್ಕನದು ಬರೀ ಟೈಪಿಂಗ್, ಲಿನಕ್ಸ್ ಸಾಕು. ಗಿರಾಕಿಗಳಿಗೆ ಹೇಳುತ್ತಿದ್ದುದನ್ನೇ ನನಗೆ ನಾನು ಹೇಳಿಕೊಂಡೆ. ಆಮೇಲೆ ಶಟರ್ ಅರ್ಧ ಎಳೆದು ಎರಡೂ ಡಬ್ಬಿ ಬಿಚ್ಚಿದೆ. ಅವಳ ಮದರ್‌ಬೋರ್ಡನ್ನು ಪ್ರೊಸೆಸರ್, ಫ್ಯಾನಿನ ಸಮೇತ ನನ್ನ ಡಬ್ಬಿಗೆ ಹಾಕಿದೆ, ನನ್ನದನ್ನು ಅವಳ ಡಬ್ಬಿಗೆ. ಮುಂದಿನ ಗಿರಾಕಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಸಂಜೆ ಫೋನಿನಲ್ಲಿ ಹೇಳಿದೆ. "ಅಕ್ಕಾ, ನಿನ್ನ ಮಿಷೀನು ಫೇಲ್ ಆತು. ಎಂಟನೇ ಜನರೇಶನ್ ಇಲ್ಲ ಅದು. ನಂದು ಪಾಸ್."

ಅವಳು ನಕ್ಕಳು. "ನೋಡಲೇ ತಮ್ಮಾ. ನಾ ಎಸ್ಸೆಸ್ಸೆಲ್ಸಿ ಪಾಸು, ನನ್ನ ಮಿಷೀನು ಎಂಟನೇದಕ್ಕ ಫೇಲು. ನೀ ಎಂಟನೇ ಕ್ಲಾಸಿಗೆ ಫೇಲು, ನಿಂದು ಪಾಸು. ಒಂದರೆ ಪಾಸಾತಲ್ಲ ನಿಂದು, ಬಿಡು."

ಅವಳಿಗೆ ನಿಜವಾಗಿ ಸಂತೋಷವಾಗಿತ್ತು. ನಾನು ಫೋನಿಟ್ಟು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಸುಮ್ಮನೆ ತಿರುಗಿ ಬಂದೆ.

ಲಿನಕ್ಸ್ ಹಾಕಿದ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಲಿಂಗಸುಗೂರಿಗೆ ಒಯ್ದೆ. ಜೋಡಿಸಿ, ಚಾಲೂ ಮಾಡಿ, ಊಟ ಮಾಡಿ ಹೋಗೆಂದರೂ ನಿಲ್ಲದೆ ಬಂದೆ. ಇನ್ನೂ ಮಸ್ಕಿ ತಲುಪಿರಲಿಲ್ಲ, ಅವಳ ಫೋನು ಬಂತು.

"ತಮ್ಮಾ, ನನ್ನ ಕನ್ನಡ ಎಲ್ಲಿ ಹೋತೋ?"

ಅವಳ ನಮೂನೆಗಳೆಲ್ಲ 'ನುಡಿ' ಎಂಬ ಹಳೆಯ ತಂತ್ರಾಂಶದ ಅಕ್ಷರದಲ್ಲಿದ್ದವು. ಅವಳು ಟೈಪ್‌ರೈಟರಿನ ಮೇಲೆ ಪರೀಕ್ಷೆ ಕಟ್ಟಿ, ಆಮೇಲೆ ಆ ಅಕ್ಷರಕ್ಕೆ ಬೆರಳು ಒಗ್ಗಿಸಿಕೊಂಡವಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಕಾಗದ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಒಂದೊಂದರ ತಲೆಯ ಮೇಲೆ ಟೋಪಿ, ಕೆಳಗೆ ಬಾಲ. ನನಗೆ ಇದು ಗೊತ್ತಿಲ್ಲದ್ದೇನಲ್ಲ. ಬೋರ್ಡು ಬದಲಿಸುವ ಅವಸರದಲ್ಲಿ ಯೋಚಿಸಲಿಲ್ಲ, ಅಷ್ಟೆ. ನನ್ನ ಕೆಲಸದ ಹೆಬ್ಬೆಟ್ಟಿನ ಡಬ್ಬಿಯ ಬಗ್ಗೆ ಅಷ್ಟೊಂದು ಯೋಚಿಸಿದವನಿಗೆ ಅವಳ ಅಕ್ಷರದ ನೆನಪಾಗಲಿಲ್ಲ.

ಮರುದಿನ ಹೋಗಿ ಫಾಂಟು ಹಾಕಿದೆ. ಹಳೆಯ ಅಕ್ಷರಗಳು ಕಾಣಿಸಿದವು. ಆದರೆ ನುಡಿ ತಂತ್ರಾಂಶ ಲಿನಕ್ಸಿನಲ್ಲಿ ಓಡದೆ, ಹೊಸದಾಗಿ ಟೈಪ್ ಮಾಡಿದ್ದು ಯೂನಿಕೋಡಿನ ಬೇರೆ ಅಕ್ಷರದಲ್ಲಿ ಬರುತ್ತಿತ್ತು. ಕಾಗದದ ಮಾತೆಲ್ಲ ಒಂದು ನಮೂನೆ, ನಡುವೆ ಸೇರಿಸಿದ ಹೆಸರು ಇನ್ನೊಂದು ನಮೂನೆ. ಆ ದಿನ ಕೂತಿದ್ದ ಮುದಗಲ್ ಕಡೆಯ ಹಿರಿಯರೊಬ್ಬರು ತಮ್ಮ ವಾಟ್ನಿ ಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಅಕ್ಕಾರ, ನನ್ನ ಹೆಸರು ಯಾಕ್ರೀ ದಪ್ಪ ಆಗೇತಿ? ಮತ್ಯಾರದೋ ಹೆಸರು ಅಳಿಸಿ ನಂದು ತುರುಕಿದಂಗ ಕಾಣತೈತಲ್ಲ."

"ಹಂಗೇನಿಲ್ಲರೀ ಯಜಮಾನ್ರ, ಮಿಷೀನಿನ ಅಕ್ಷರ ಹೊಸಾದು."

"ಅಕ್ಷರ ಹೊಸಾದಿರಬಹುದವಾ. ಸಾಹೇಬ್ರು ಖೋಟಾ ಅಂದ್ರ ಸಾಕು ಅಂತ ನನ್ನ ತಮ್ಮ ಮೊದಲ ಕಾಯಾಕತ್ಯಾನ." ಅವರು ಸಿಟ್ಟಾಗಲಿಲ್ಲ. ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ರಸ್ತೆ ದಾಟಿದರು.

ಅಕ್ಕ ನನ್ನ ಕಡೆ ನೋಡಿ, "ನಿನ್ನದೇನು ತಪ್ಪು, ಮಿಷೀನು ಹಳೇದು," ಎಂದಳು. ಆಗಲೇ ಹೇಳಬೇಕಿತ್ತು. "ಎಲ್ಲಾ ಹೊಸದಾಗಿ ಟೈಪ್ ಮಾಡಿಬಿಡು, ಒಮ್ಮೆ ಆದ್ರ ಮುಂದ ಚಿಂತಿಲ್ಲ," ಎಂದೆ. ಅವಳು ಹಳೆಯ ಪ್ರಿಂಟುಗಳನ್ನು ಹುಡುಕಿ ತೆಗೆದು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದೊಂದೇ ನಮೂನೆಯನ್ನು ಮೊದಲಿನಿಂದ ಟೈಪ್ ಮಾಡತೊಡಗಿದಳು. ಗಿರಾಕಿಗಳಿಲ್ಲದ ಹೊತ್ತು ಈಗ ಬೇಕಾದಷ್ಟಿತ್ತು. ಮುಂದೆ ಹೋದಾಗಲೆಲ್ಲ ಅಂಗಡಿಯಲ್ಲಿ ನೋವಿನ ಮುಲಾಮಿನ ವಾಸನೆ. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡೇ ಟೈಪ್ ಮಾಡುತ್ತಿದ್ದಳು.

ಇತ್ತ ನನ್ನ ಅಂಗಡಿಯಲ್ಲಿ ಇನ್ನೊಂದು ಶುರುವಾಗಿತ್ತು. ನಮ್ಮ ಕಡೆಯ ಸೆಕೆಗೆ ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದೇ ಇಡುವುದು ರೂಢಿ. ಒಂದು ದಿನ ಬಗ್ಗಿ ವೈರು ಸರಿಪಡಿಸುವಾಗ ಓಡುತ್ತಿದ್ದ ಫ್ಯಾನಿನ ನಡುವೆ ಬಿಳೀ ಬಳೆಯಂಥದು ಕಾಣಿಸಿತು. ಕರೆಂಟು ಹೋಗಿ ಫ್ಯಾನು ನಿಂತಾಗ ಅದು ಬಳೆಯಾಗಿರಲಿಲ್ಲ, ಒಂದು ಬೊಟ್ಟು. ವಿಭೂತಿ.

ಮಹಾನವಮಿಗೆ ನಮ್ಮಲ್ಲಿ ಖಂಡೇ ಪೂಜೆ. ದುಡಿಯುವ ಸಾಮಾನನ್ನೆಲ್ಲ ತೊಳೆದು ಒರೆಸಿ ಪೂಜೆ ಮಾಡುತ್ತೇವೆ. ಎಲ್ಲರೂ ಕಂಪ್ಯೂಟರಿನ ಡಬ್ಬಿಗೆ ವಿಭೂತಿ ಹಚ್ಚಿದರೆ ಅಕ್ಕ ಮುಚ್ಚಳ ತೆಗೆದು ಒಳಗಿನ ಫ್ಯಾನಿಗೂ ಹಚ್ಚುತ್ತಿದ್ದಳು. "ದುಡಿಯೋದು ಒಳಗಿಂದು. ಡಬ್ಬಿಗೆ ಹಚ್ಚಿ ಏನು ಮಾಡ್ಲಿ?" ಎನ್ನುತ್ತಿದ್ದಳು. ಬೋರ್ಡಿನ ಜೊತೆ ಆ ಬೊಟ್ಟೂ ನನ್ನ ಡಬ್ಬಿಗೆ ಬಂದಿತ್ತು.

ಒರೆಸಲು ಹೆಬ್ಬೆರಳು ಇಟ್ಟೆ. ಆಗಲಿಲ್ಲ. ಮುಚ್ಚಳ ಹಾಕಿದೆ. ಒಳಗೆ ಕಾವು ಏರಿ, ಪಿಂಚಣಿಯ ಮುದುಕಿಯೊಬ್ಬಳು ಹೆಬ್ಬೆಟ್ಟು ಇಟ್ಟ ಹೊತ್ತಿಗೇ ಕಂಪ್ಯೂಟರು ಆರಿಹೋಯಿತು. "ನನ್ನ ಬೆಟ್ಟು ಸುಡಗಾಡು, ಇದಕ್ಕೂ ಹಿಡಸಲಿಲ್ಲ," ಎಂದು ಆಕೆ ಬೆರಳನ್ನು ಸೀರೆಗೆ ತಿಕ್ಕಿಕೊಂಡಳು. ಮುಚ್ಚಳ ಮತ್ತೆ ತೆಗೆಯಬೇಕಾಯಿತು. ಹನ್ನೊಂದು ಬಹಳ ಚೆನ್ನಾಗಿ ನಡೆಯುತ್ತಿತ್ತು. ನಾನು ಮಾತ್ರ ಕುರ್ಚಿಯಲ್ಲಿ ಕೂರಲಾರದೆ ಒಳಗೆ ಹೊರಗೆ ಓಡಾಡುತ್ತಿದ್ದೆ. ಅಕ್ಕನಿಗೆ ಫೋನು ಹಚ್ಚಿ, ಅವಳು ಎತ್ತುವ ಮೊದಲೇ ಕಟ್ ಮಾಡುತ್ತಿದ್ದೆ. ಅವಳು ತಿರುಗಿ ಫೋನು ಮಾಡಿ, "ಏನೋ, ಮಿಸ್ ಕಾಲ್ ಕೊಟ್ಟೀ?" ಎಂದರೆ, "ಕೈ ತಾಗಿತ್ತು," ಎನ್ನುತ್ತಿದ್ದೆ. ಯಾವುದು ಚಲೋ ಎಂದು ಯಾರಾದರೂ ಕೇಳಿದರೆ ಸಿಡುಕುತ್ತಿದ್ದೆ. "ಯಾಕಣ್ಣ, ಹನ್ನೊಂದು ಹಾಕಿಸ್ಕೊಂಡ ಮ್ಯಾಲ ಬಿರುಸಾಗೀಯಲ್ಲ," ಎಂದು ಪಕ್ಕದ ಪಾನ್ ಅಂಗಡಿಯವನು ಚುಡಾಯಿಸಿದ.

ಮಹಾನವಮಿ ಹತ್ತಿರ ಬಂದ ಹಾಗೆ ನನಗೆ ಒಂದೇ ಯೋಚನೆ. ಅಕ್ಕ ಮುಚ್ಚಳ ತೆಗೆಯುತ್ತಾಳೆ. ಅದಕ್ಕೆ ಮೊದಲು ಬೋರ್ಡನ್ನು ವಾಪಸು ಹಾಕಿಬಿಟ್ಟರೆ ಅವಳಿಗೆ ಯಾವುದೂ ಗೊತ್ತಾಗುವುದಿಲ್ಲ. ಪೂಜೆಯ ದಿನ ಬೆಳಿಗ್ಗೆ ಬೋರ್ಡು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಬಸ್ಸಿನ ತುಂಬ ಚೆಂಡುಹೂವು, ಬಾಳೆಕಂದು. ಯಾರ ಮೊಣಕೈ ತಾಗಿದರೂ ಚೀಲ ಎದೆಗೊತ್ತಿಕೊಳ್ಳುತ್ತಿದ್ದೆ. "ಏನೈತೋ ಅದರಾಗ, ಬಂಗಾರೇನು?" ಎಂದಳು ಪಕ್ಕದ ಹೆಂಗಸು.

ತಡವಾಗಿತ್ತು. ಅಕ್ಕ ನೆಲದ ಮೇಲೆ ಕೂತು, ಮುಚ್ಚಳ ತೆಗೆದು, ಧೂಳು ಕೊಡವಲು ಕೈಯಲ್ಲಿ ಬಣ್ಣದ ಬ್ರಷ್ ಹಿಡಿದು ಒಳಗೇ ನೋಡುತ್ತಿದ್ದಳು.

"ಬಾ. ಹೋದ ವರ್ಷ ಫ್ಯಾನಿಗೆ ಹಚ್ಚಿದ್ದೆ. ಎಲ್ಲಿ ಹೋತಿದು?"

ಕ್ಲೀನ್ ಮಾಡುವಾಗ ಒರೆಸಿ ಹೋಯಿತು ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು. ಮಾತು ಬಾಯಿಗೇ ಬಂದಿತ್ತು. ಆದರೆ ಅವಳ ಮಣಿಕಟ್ಟಿನ ಬಟ್ಟೆಯೂ ಕಾಣುತ್ತಿತ್ತು. ನಾನು ಚೀಲದಿಂದ ಟವೆಲ್ಲು ತೆಗೆದು ಅವಳ ಮುಂದೆ ಬಿಚ್ಚಿದೆ.

ಅವಳು ಬೋರ್ಡನ್ನು ನೋಡಿದಳು. ಬೆರಳ ತುದಿಯಿಂದ ಫ್ಯಾನನ್ನು ಸ್ವಲ್ಪ ತಿರುಗಿಸಿದಳು. ವಿಭೂತಿಯ ಬೊಟ್ಟು ಅವಳ ಕಡೆಗೆ ಬಂತು.

"ಹಂಗಾದ್ರ ಪಾಸಾಗಿದ್ದು ನಂದು," ಎಂದಳು.

"ಹೂಂ ಅಕ್ಕಾ."

"ಆವತ್ತ ಫೋನಿನಾಗ ನಾ ನಕ್ಕಾಗ ನೀ ಏನು ಮಾಡಾಕತ್ತಿದ್ದಿ?"

"ಸುಮ್ನ ನಿಂತಿದ್ದೆ."

"ಹನ್ನೊಂದು ಚಲೋ, ಲಿನಕ್ಸ್ ಚಲೋ ಅಂತ ಊರಿಗೆಲ್ಲ ತಕ್ಕಡಿ ಹಿಡದು ತೂಗಿದಿ. ನನ್ನ ಕೇಳಿದ್ರ ಕೊಡತಿದ್ದಿಲ್ಲೇನು? ನಿನಗ ಬೇಕು ಅಂದಿದ್ರ ತಗೊಂಡು ಹೋಗು ಅಂತಿದ್ದೆ. ಕೇಳಲಿಲ್ಲ."

ಅವಳು ಕೊಡುತ್ತಿದ್ದಳು, ಅದು ನನಗೆ ಗೊತ್ತಿತ್ತು. ಕೇಳಿದರೆ ಅವಳ ಉಪಕಾರವಾಗುತ್ತಿತ್ತು. ರಿಪೇರಿ ಕಲಿಯಲು ನನ್ನನ್ನು ಸಿಂಧನೂರಿಗೆ ಸೇರಿಸಿದವಳೂ ಅವಳೇ. ಒಂದಾದರೂ ನನ್ನದು ನನ್ನಷ್ಟಕ್ಕೇ ಪಾಸಾಗಲಿ ಎಂದು ಮನಸ್ಸಿನಲ್ಲಿತ್ತೋ ಏನೋ.

"ಕೂಡ್ಸು," ಎಂದಳು.

ನಾನು ನೆಲದ ಮೇಲೆ ಕೂತು ನನ್ನ ಬೋರ್ಡು ಬಿಚ್ಚಿ ಅವಳದನ್ನು ಜೋಡಿಸಿದೆ. ಇಷ್ಟು ವರ್ಷ ಮಾಡಿದ ಕೆಲಸ, ಆದರೂ ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಅವಳು ಎತ್ತಿಕೊಡಲಿಲ್ಲ. ಹನ್ನೊಂದು ಹಾಕಲೇ ಎಂದು ಕೇಳಿದೆ, ಈ ಸಲ ಕೇಳಿಯೇ. "ಹಾಕು. ಆ ಪುಕ್ಕಟೆದು ನಿನ್ನ ಮಿಷೀನಿಗೆ ಹಾಕ್ಕೊ, ಹೆಂಗ ನಡಸ್ತಿ ನೋಡ್ತೀನಿ. ಮತ್ತ ನಾ ಟೈಪ್ ಮಾಡಿದ್ದು ಒಂದೂ ಅಳಿಸಬ್ಯಾಡ." ಹೊಸ ನಮೂನೆಗಳನ್ನು ಮೊದಲು ಪೆನ್‌ಡ್ರೈವಿಗೆ ಹಾಕಿ ಅವಳ ಕೈಗೆ ಕೊಟ್ಟೆ. ಕೆಲಸ ಮುಗಿಯುವವರೆಗೆ ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.

ಆಮೇಲೆ ಹಳೆಯ ಬೊಟ್ಟಿನ ಮೇಲೆಯೇ ಹೊಸ ವಿಭೂತಿ ಹಚ್ಚಿದಳು. ಡಬ್ಬಿಗೆ, ಪ್ರಿಂಟರಿಗೆ, ಸ್ಕ್ರೂಡ್ರೈವರಿಗೆ ಹಚ್ಚಿದಳು. ಕಾಯಿ ಒಡೆದಳು. ನನಗೂ ಒಂದು ಹೋಳು ಕೊಟ್ಟಳು.

ಅವಳ ಕಂಪ್ಯೂಟರಿನ ಮುಚ್ಚಳಕ್ಕೆ ಯಾವತ್ತೂ ಸ್ಕ್ರೂ ಇರಲಿಲ್ಲ. ತೆಗೆಯುವವರು ಪೂಜೆಗೆ ಅವಳು, ಉಳಿದಂತೆ ನಾನು, ಯಾಕೆ ಬೇಕು ಎಂದು ನಾನೇ ಹಾಕಿರಲಿಲ್ಲ. ನಾನು ಮುಚ್ಚಳವನ್ನು ಜಾರಿಸಿ ಏಳುವಾಗ ಅವಳು ಕೈ ಚಾಚಿದಳು.

"ಸ್ಕ್ರೂ ಅದಾವೇನು ಇದಕ್ಕ?"

ಚೀಲದಲ್ಲಿದ್ದವು, ಕೊಟ್ಟೆ. ಅವಳು ಸ್ಕ್ರೂಡ್ರೈವರಿನ ಹಿಡಿಕೆಯ ಮೇಲಿದ್ದ ವಿಭೂತಿ ಕೆಡದ ಹಾಗೆ ಹಿಡಿದು, ನೋಯುವ ಕೈಯಿಂದಲೇ ಒಂದೊಂದನ್ನೂ ಬಿಗಿಯಾಗುವವರೆಗೆ ತಿರುಗಿಸಿದಳು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಆಮೇಲೆ ನನ್ನ ಹಳೆಯ ಬೋರ್ಡನ್ನು ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಮಸ್ಕಿಯ ಬಸ್ಸಿಗೆ ಹೊರಟೆ.