ಬಾಣಂತಿ ಮನೆಗೆ ಮೊಳದುದ್ದದ ಸೌದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಲ್ಕಡಿ ಉದ್ದದ ಮರದ ಕೊರಡನ್ನು ಒಂದಡಿ ಆಳದ ಕಬ್ಬಿಣದ ಒಲೆಗೆ ತುರುಕಿ, ಉಳಿದ ಮೂರಡಿ ನಡುಮನೆಯಲ್ಲಿ ಆರಾಮಾಗಿ ಮಲಗಿರಲಿ ಎಂದು ಬಿಟ್ಟು, ಒಲೆಯ ಗಾಜಿನ ಬಾಗಿಲು ಹಾರುಹೊಡೆದಿಟ್ಟು ಬೆಂಕಿ ಹಚ್ಚಿದವನು ನಾನೇ. ನನಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಗ್ರಿ ಇದೆ. ಅದರಲ್ಲಿ ಶಾಖದ ಮೇಲೇ ಒಂದು ಇಡೀ ಪೇಪರ್ ಇತ್ತು. ಪಾಸಾಗಿದ್ದೇನೆ, ಎರಡನೇ ಸಲಕ್ಕೆ.

ಅದು 2010ರ ಡಿಸೆಂಬರ್. ಶೆಫೀಲ್ಡಿನ ಅಂಚಿನಲ್ಲಿ, ಬಸ್ಸು ಕೊನೇ ಸ್ಟಾಪಿನಲ್ಲಿ ತಿರುಗಿಕೊಂಡ ಮೇಲೂ ಒಂದು ಮೈಲಿ ಗುಡ್ಡ ಹತ್ತಿದರೆ ಸಿಗುವ ಹಳೇ ಕಲ್ಲಿನ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ಹೆಂಡತಿ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಸಾಫ್ಟ್‌ವೇರ್, ಮನೆಯಿಂದಲೇ ಕೆಲಸ. ವ್ಯೂ ಚೆನ್ನಾಗಿದೆ ಅಂತ ಆ ಮನೆ ಆರಿಸಿದ್ದೂ ನಾನೇ. ಅಲ್ಲಿಗೆ ಗ್ಯಾಸ್ ಲೈನ್ ಇರಲಿಲ್ಲ. ಹಿತ್ತಲಲ್ಲೊಂದು ಹಸಿರು ಟ್ಯಾಂಕು. ಲಾರಿಯವರು ಬಂದು ಅದಕ್ಕೆ ಹೀಟಿಂಗ್ ಆಯಿಲ್ ತುಂಬಿ ಹೋದರೆ ಮನೆಯ ರೇಡಿಯೇಟರುಗಳು ಬಿಸಿಯಾಗುತ್ತಿದ್ದವು. ಅಕ್ಟೋಬರಿನಿಂದ ಹೆಂಡತಿ ದಿನಾ ಕೇಳುತ್ತಿದ್ದಳು: "ಆಯಿಲ್‌ಗೆ ಹೇಳಿದ್ಯಾ?" ನಾನು ದಿನಾ "ನಾಳೆ ಹೇಳ್ತೀನಿ" ಅನ್ನುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಪ್ರತಿದಿನವೂ ಮನಃಪೂರ್ವಕವಾಗಿ ನಾಳೆ ಎಂದೇ ಅಂದುಕೊಂಡಿದ್ದೆ.

ಆಮೇಲೆ ಹಿಮ ಬಿತ್ತು. ಮೊಣಕಾಲುದ್ದ. ಲಾರಿಗಳು ಗುಡ್ಡ ಹತ್ತಲಾರದೆ ನಿಂತವು. ಸುತ್ತಲಿನ ಊರುಗಳ ಟ್ಯಾಂಕುಗಳೆಲ್ಲ ಒಟ್ಟಿಗೇ ಬರಿದಾಗಿ, ಆಯಿಲ್‌ಗೆ ಬರ ಬಂತು. ನಾನು ಕೊನೆಗೂ ಫೋನ್ ಮಾಡಿದಾಗ ಆ ಕಡೆಯ ಹೆಂಗಸು ತುಂಬ ಮೃದುವಾಗಿ, "ಹೊಸ ವರ್ಷ ಕಳೆದ ಮೇಲೆ ನೋಡೋಣ" ಅಂದಳು. ಅವಳು ಹಾಗಂದ ದಿನವೇ ನಮ್ಮ ಮಗಳು ಹುಟ್ಟಿದಳು.

ಸಿಸೇರಿಯನ್ ಆಗಿತ್ತು. ತಾಯಿ ಮಗು ಮೂರು ದಿನ ವಾರ್ಡಿನಲ್ಲಿರಬೇಕು. ಹೆಂಡತಿ ಹುಬ್ಬಳ್ಳಿಯವಳು. ನನ್ನ ಜೊತೆ ಬೆಂಗಳೂರು ಕನ್ನಡ ಆಡುತ್ತಾಳೆ, ಸಿಟ್ಟು ಬಂದರೆ ಮಾತ್ರ ತವರಿನ ಭಾಷೆ. ಅವತ್ತು ಹಾಸಿಗೆಯ ಮೇಲಿಂದಲೇ ಕೇಳಿದಳು:

"ಮನಿ ಎಷ್ಟ್ ಡಿಗ್ರಿ ಅದ?"

ತವರಿನ ಭಾಷೆ. ನಾನು ಕೂಸಿನ ಕಡೆ ನೋಡಿದೆ. "ಒಂಬತ್ತು."

"ಹದಿನೆಂಟ್ ಆಗ್ಬೇಕು. ಆದ್ರ ಬರ್ತೀನಿ. ಇಲ್ಲಂದ್ರ ಆಂಟಿ ಮನಿಗೆ ಹೊಂಟೆ."

ಆಂಟಿ ಎಂದರೆ ಅವಳ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರ ಮನೆಯಾಕೆ. ಮೈಸೂರಿನವರು. ಊರೊಳಗೆ ದೊಡ್ಡ ಮನೆ, ಗ್ಯಾಸ್ ಹೀಟಿಂಗ್. "ಎರಡು ತಿಂಗಳು ಬಾಣಂತನ ಇಲ್ಲೇ ಆಗಲಿ, ನಮಗೇನು ಭಾರ?" ಎಂದು ಆಗಲೇ ಕರೆದಿದ್ದರು. ಪಾಪ, ಒಳ್ಳೆಯವರು. ಆದರೆ ನನ್ನ ಮಗಳು ಮೊದಲ ಸಲ ಹೊಸಿಲು ದಾಟುವುದು ಬೇರೆಯವರ ಮನೆಯದ್ದು, ಅದೂ ಅವಳಪ್ಪ ಒಂದು ಫೋನ್ ಮಾಡಲಿಲ್ಲ ಅನ್ನುವ ಕಾರಣಕ್ಕೆ, ಎಂದರೆ ನನಗೆ ಒಪ್ಪಿಗೆಯಿರಲಿಲ್ಲ. ಮೂರು ದಿನ. ಒಂಬತ್ತರಿಂದ ಹದಿನೆಂಟು. ಆಗಲೇಬೇಕು ಅಂದುಕೊಂಡೆ.

ಕರೆಂಟ್ ಹೀಟರಿನಲ್ಲಿ ಆಗುವ ಕೆಲಸವಲ್ಲ. ಅಂಗಡಿಗಳಲ್ಲಿ ಎಲ್ಲ ಖಾಲಿ. ನಮ್ಮಲ್ಲಿದ್ದ ಒಂದೇ ಒಂದನ್ನು ಹಾಕಿ ಕೆಟಲ್ ಒತ್ತಿದರೆ ಇಡೀ ಮನೆ ಕತ್ತಲಾಗುತ್ತಿತ್ತು. ಉಳಿದದ್ದು ನಡುಮನೆಯಲ್ಲಿದ್ದ ಕಬ್ಬಿಣದ ಸೌದೆ ಒಲೆ. ಅದನ್ನು ನಾವು ಅಲ್ಲಿಯವರೆಗೆ ಹೂಕುಂಡ ಇಡಲು ಬಳಸುತ್ತಿದ್ದೆವು.

ಪಕ್ಕದ ಹೊಲದ ಕುರಿಸಾಕಣೆಯ ಮುದುಕ ಟ್ರ್ಯಾಕ್ಟರಿನಲ್ಲಿ ಒಂದು ಲೋಡ್ ಆಷ್ ಮರದ ಕೊರಡು ತಂದು ಸುರಿದ. ಅವನ ಕೊಟ್ಟಿಗೆಯಲ್ಲಿ ಎರಡು ವರ್ಷ ಒಣಗಿದ ಮರ. "ಕೊಯ್ದು ಕೊಡ್ಲಾ, ಲವ್? ಚೈನ್ ಸಾ ಗಾಡೀಲೇ ಇದೆ" ಅಂದ. ಶೆಫೀಲ್ಡಿನಲ್ಲಿ ಗಂಡಸರು ಗಂಡಸರನ್ನೂ ಲವ್ ಅಂತಲೇ ಕರೆಯುತ್ತಾರೆ.

ನಾನು ಕೈ ಅಡ್ಡ ಹಿಡಿದೆ. "ಬೇಡ ಬೇಡ. ಸೌದೆ ಉರಿಸೋದು ನಮ್ಮ ರಕ್ತದಲ್ಲೇ ಇದೆ."

ನನ್ನ ರಕ್ತದಲ್ಲಿದ್ದದ್ದು ಮೈಸೂರಿನ ಅಜ್ಜಿ ಮನೆಯ ಬಚ್ಚಲ ಹಂಡೆಯ ಒಲೆ. ಉದ್ದನೆಯ ಸೌದೆಯ ಒಂದು ತುದಿ ಬೆಂಕಿಯಲ್ಲಿ, ಇನ್ನೊಂದು ತುದಿ ಆಚೆ. ಉರಿದ ಹಾಗೆಲ್ಲ ಒಳಕ್ಕೆ ತಳ್ಳುತ್ತಾ ಹೋಗುವುದು. ರಜಕ್ಕೆ ಹೋದಾಗ ತಳ್ಳುವ ಕೆಲಸ ನನ್ನದು. ಅಗ್ನಿಯ ಬಗ್ಗೆ ನನಗಿದ್ದ ಸಮಸ್ತ ಜ್ಞಾನ ಅಷ್ಟೇ. ಹಂಡೆಯ ಒಲೆಗೆ ಬಾಗಿಲಿರಲಿಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮಾರನೇ ಬೆಳಿಗ್ಗೆ ಶುರು ಮಾಡಿದೆ. ಕೊರಡಿನ ಬಾಲಕ್ಕೆ ಆಸರೆಯಾಗಿ ಕಾಫಿ ಟೇಬಲ್, ಅದರ ಮೇಲೆ ಮಕ್ಕಳನ್ನು ಬೆಳೆಸುವ ಬಗೆಗಿನ ನಾಲ್ಕು ದಪ್ಪ ಪುಸ್ತಕ. ಐದು ನಿಮಿಷ ಎಲ್ಲ ಚಂದವಿತ್ತು. ಆರನೇ ನಿಮಿಷಕ್ಕೆ ಹೊಗೆ ಚಿಮಣಿಯ ದಾರಿ ಬೇಡವೆಂದು ನನ್ನ ಕಡೆಗೇ ಬಂತು. ಹತ್ತನೇ ನಿಮಿಷಕ್ಕೆ ನನಗೆ ನನ್ನ ಕೈ ಕಾಣಿಸುತ್ತಿರಲಿಲ್ಲ. ಸ್ಮೋಕ್ ಅಲಾರ್ಮು ಕಿರುಚಿಕೊಂಡಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸಿದೆ, ಬೀಸಿದ ಗಾಳಿಗೆ ಬೆಂಕಿ ಇನ್ನಷ್ಟು ಖುಷಿಪಟ್ಟಿತು.

ಮಹಡಿಯಿಂದ ಅತ್ತೆ ಇಳಿದು ಬಂದರು. ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದು ಎರಡು ವಾರವಾಗಿತ್ತು. ಮೇಲೆ ಕೂಸಿಗೆಂದು ಹಳೇ ಸೀರೆಯ ತುಂಡುಗಳನ್ನು ಒಗೆದು ಹರವುತ್ತಿದ್ದವರು ಮೂಗಿಗೆ ಸೆರಗು ಹಿಡಿದು ನಿಂತರು.

"ಅಳಿಯದೇವ್ರ, ಏನ್ ನಡಸೀರಿ ಇದು? ಹೋಮಾನ?"

"ಒಲೆ ಹಚ್ತಿದೀನಿ ಅತ್ತೆ."

"ಒಲಿ ಹಚ್ಚೀರೋ, ಮನೀಗೇ ಹಚ್ಚೀರೋ?"

ಅಷ್ಟರಲ್ಲಿ ಕಿಟಕಿಯಿಂದ ಹೊಗೆ ಹೊರಡುವುದನ್ನು ಕಂಡು ಕುರಿ ಮುದುಕ ಓಡಿ ಬಂದ. ಬಾಗಿಲಲ್ಲಿ ನಿಂತು ನಡುಮನೆಯುದ್ದಕ್ಕೂ ಮಲಗಿದ್ದ ಕೊರಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಇದು ಒಳಗೆ ಹೋಗ್ತಿದೆಯೋ, ಹೊರಗೆ ಬರ್ತಿದೆಯೋ?" ಅಂದ. ಆಮೇಲೆ ಅವನೂ ನಾನೂ ಅದನ್ನು ಹೆಣ ಹೊತ್ತ ಹಾಗೆ ಹೊತ್ತು ಹಿಮಕ್ಕೆ ಎಸೆದೆವು. ಚುರ್ರ್ ಅಂತ ಒಂದೇ ಸದ್ದು.

ಮುದುಕ ಒಳಗೆ ಬಂದು ಪಾಠ ಹೇಳಿದ. ಈ ಒಲೆ ಬಾಗಿಲು ಹಾಕಿದರೆ ಮಾತ್ರ ಒಲೆ. ಸೌದೆ ಇಷ್ಟೇ ಇರಬೇಕು ಎಂದು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿ, ಅದರಲ್ಲೂ ಬೆರಳು ಮಡಚಿ ಸ್ವಲ್ಪ ಕಳೆದ. ಇಂಗ್ಲಿಷ್ ಬಾರದ ಅತ್ತೆಗೆ ಅರ್ಥವಾಗಿದ್ದು ಅದೊಂದೇ. "ಮೊಳ. ಮೊಳಕ್ಕಿಂತ ಕಮ್ಮಿ" ಎಂದು ತಲೆಯಾಡಿಸಿದರು. ನಾನು ಮೆತ್ತಗೆ ಚೈನ್ ಸಾ ಕೇಳಿದೆ.

"ನಿನ್ನೆ ಬೇಡ ಅಂದ್ಯಲ್ಲ. ಸಂಜೆ ಚೈನ್ ತುಂಡಾಯ್ತು. ದಾರಿ ತೆರೆಯೋವರೆಗೆ ಹೊಸದು ಸಿಗಲ್ಲ." ಅವನಿಗೆ ಹಿಮದಲ್ಲಿ ಹೂತ ಕುರಿಗಳನ್ನು ತೋಡಿ ತೆಗೆಯುವ ಕೆಲಸವಿತ್ತು. ಹೋಗುವ ಮುಂಚೆ ಕೊಟ್ಟಿಗೆಯಿಂದ ಒಂದು ಕೈಗರಗಸ, ಒಂದು ಕೊಡಲಿ ತಂದು ಬಾಗಿಲಿಗೆ ಒರಗಿಸಿದ. "ನಿನ್ನ ರಕ್ತದಲ್ಲಿ ಇದೂ ಇರಬಹುದು, ಲವ್."

ಇರಲಿಲ್ಲ. ಮೊದಲ ಕೊರಡನ್ನು ಎರಡು ಊಟದ ಕುರ್ಚಿಗಳ ಮೇಲಿಟ್ಟು ಕೊಯ್ದೆ. ಅರ್ಧ ಗಂಟೆಯ ಮೇಲೆ ಕೊನೆಗೂ ಏನೋ ತುಂಡಾಗಿ ಬಿತ್ತು. ಕುರ್ಚಿಯ ಕೈ. ಕೊಡಲಿ ಬೀಸಿದರೆ ಅದು ಮರ ಕಚ್ಚಿ ಕೂತುಬಿಡುತ್ತಿತ್ತು. ಬಿಡಿಸಲು ಹೋದರೆ ಕೊರಡೇ ಕೊಡಲಿಯ ಜೊತೆ ಎದ್ದು ಬರುತ್ತಿತ್ತು. ಹೆಗಲ ಮೇಲೆ ಆ ಗದೆ ಹೊತ್ತು ಹಿಮದಲ್ಲಿ ನಿಂತ ನನ್ನನ್ನು ಅತ್ತೆ ಅಡಿಗೆಮನೆ ಕಿಟಕಿಯಿಂದ ನೋಡಿ, ಶಾಲು ಸುತ್ತಿಕೊಂಡು, ನನ್ನ ಬೂಟು ಹಾಕಿಕೊಂಡು ಹೊರಗೆ ಬಂದರು.

"ಸರೀರಿ. ನಾ ಆ ಕಡೆ ಹಿಡೀತೀನಿ."

"ಅತ್ತೆ, ನಿಮಗ್ಯಾಕೆ..."

"ನಿಮ್ಮ ಮಾತು ಕೇಳ್ಕೋತ ಕುಂತ್ರ ಕೂಸು ಕಾಲೇಜಿಗೆ ಹೋಗ್ತದ. ಹೂಂ, ಎಳೀರಿ."

ಗರಗಸ ನನ್ನ ಕೈಯಲ್ಲಿ, ಕೊರಡಿನ ತುದಿ ಅವರ ಮಂಡಿಯ ಕೆಳಗೆ. ಮೊದಲ ದಿನ ಇಪ್ಪತ್ತು ತುಂಡಾಯಿತು. ಒಲೆಯ ಬಾಗಿಲು ಹಾಕಿ ಉರಿಸಿದೆವು. ಗಾಜಿನ ಹಿಂದೆ ಬೆಂಕಿ ಶಿಸ್ತಾಗಿ ಕೂತಿತ್ತು, ಮನೆ ಮಾತ್ರ ಹನ್ನೊಂದಕ್ಕಿಂತ ಮೇಲೇಳಲಿಲ್ಲ. ಎರಡಡಿ ದಪ್ಪದ ಕಲ್ಲಿನ ಗೋಡೆಗಳು ಬಿಸಿಯನ್ನೆಲ್ಲ ಬಾಯಾರಿದವರಂತೆ ಕುಡಿಯುತ್ತಿದ್ದವು. "ಗೋಡಿಗೆ ಸಾಕಾದ ಮ್ಯಾಲೆ ನಮಗ" ಅಂದರು ಅತ್ತೆ. ಮನೆಯ ಉಳಿದ ಭಾಗ ಮುಚ್ಚಿ, ತೊಟ್ಟಿಲನ್ನು ನಡುಮನೆಗೆ ಇಳಿಸಿದೆವು. ಬಾಗಿಲಿಗೆ ಅವರು ಊರಿಂದ ತಂದಿದ್ದ ಕೌದಿ ಇಳಿಬಿಟ್ಟರು. ಬೆಂಕಿ ಆರದ ಹಾಗೆ ಸರದಿ ಹಾಕಿಕೊಂಡೆವು. ಹೆಂಡತಿಯ ಆಸ್ಪತ್ರೆಯಲ್ಲಿ ಇದಕ್ಕೆ ರೋಟಾ ಅನ್ನುತ್ತಾರೆ. ಅತ್ತೆಯ ರೋಟಾದಲ್ಲಿ ನನಗೆ ರಜೆ ಇರಲಿಲ್ಲ. ಮಧ್ಯೆ ನಾನು ನಡೆದು ಗುಡ್ಡ ಇಳಿದು, ಬಸ್ಸಿಲ್ಲದ ರಸ್ತೆಯಲ್ಲಿ ಜಾರುತ್ತಾ ಆಸ್ಪತ್ರೆಗೆ ಹೋಗಿ ಬಂದೆ. ಹೊಗೆಯ ವಾಸನೆಗೆ ಮಗಳು ಮೂಗು ಸೊಟ್ಟ ಮಾಡಿದಳು. ಹೆಂಡತಿ "ಎಷ್ಟು?" ಅಂತ ಒಂದೇ ಮಾತು ಕೇಳಿದಳು.

ತೊಟ್ಟಿಲ ಪಕ್ಕ ಒಂದು ಥರ್ಮಾಮೀಟರ್ ಇತ್ತು. ಮೊಟ್ಟೆಯ ಆಕಾರ, ಚಳಿಯಾದರೆ ನೀಲಿ ಬೆಳಕು, ಹದವಾಗಿದ್ದರೆ ಹಳದಿ. ಎರಡನೇ ದಿನ ಮಧ್ಯಾಹ್ನ ಅದು ಹದಿಮೂರು ತೋರಿಸುತ್ತಾ ನೀಲಿಯಾಗೇ ಇತ್ತು. ನನ್ನ ಎರಡೂ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿದ್ದವು. ಅತ್ತೆ ಒಳಗೆ ಚಹಾ ಮಾಡುತ್ತಿದ್ದಾಗ ನನಗೊಂದು ಜಾಣತನ ಹೊಳೆಯಿತು. ಮೊಟ್ಟೆಯನ್ನು ಒಲೆಯ ಮೇಲಿನ ಕಲ್ಲಿನ ಹಲಗೆಯ ಮೇಲಿಟ್ಟೆ. ಎರಡೇ ನಿಮಿಷ, ಬಂಗಾರದ ಹಾಗೆ ಹಳದಿ. ಫೋನ್ ತೆಗೆದು ಫೋಟೋ ಹೊಡೆದೆ. ಹೆಂಡತಿಗೆ ಕಳಿಸಲು ಬೆರಳು ಎತ್ತಿದ್ದೆ.

"ಚಂದ ಬಂದದೇನ್ರಿ ಫೋಟೋ?"

ಅತ್ತೆ ಲೋಟ ಹಿಡಿದು ಹಿಂದೆ ನಿಂತಿದ್ದರು.

"ಸುಮ್ನೆ ನೋಡ್ತಿದ್ದೆ ಅತ್ತೆ, ಎಲ್ಲಿ ಬೆಚ್ಚಗಿದೆ ಅಂತ..."

"ಮತ್ತ ಕೂಸಿನ್ನ ಅಲ್ಲೇ ಹಲಗಿ ಮ್ಯಾಲ ಮಲಗಿಸೋಣೇನು?"

ಅಷ್ಟೇ ಅಂದರು. ಚಹಾ ಕೈಗಿಟ್ಟು ಹೊರಗೆ ಹೋದರು. ಇಂಥ ಹೊತ್ತಿಗೆ ನನ್ನ ಬಾಯಿಗೆ ಯಾವಾಗಲೂ ಏನಾದರೊಂದು ತಮಾಷೆ ಬರುತ್ತದೆ. ಅವತ್ತು ಬರಲಿಲ್ಲ. ಫೋಟೋ ಅಳಿಸಿದೆ. ಮೊಟ್ಟೆಯನ್ನು ತೊಟ್ಟಿಲ ಬಳಿ ಇಟ್ಟೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ನೀಲಿಯಾಯಿತು. ಅಂಗೈಗೆ ಅತ್ತೆಯ ಹಳೇ ಸೀರೆಯ ತುಂಡು ಸುತ್ತಿಕೊಂಡು ಅಂಗಳಕ್ಕೆ ಹೋದೆ.

ಆ ಮಧ್ಯಾಹ್ನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಳೆದೆ, ತಳ್ಳಿದೆ. ಗರಗಸವನ್ನು ಒತ್ತಬಾರದು, ಅದರ ಪಾಡಿಗೆ ಅದು ಹೋಗಲು ಬಿಡಬೇಕು ಎನ್ನುವುದು ಹನ್ನೊಂದೋ ಹನ್ನೆರಡೋ ಕೊರಡಿನ ಮೇಲೆ ಗೊತ್ತಾಯಿತು. ಕೊಡಲಿಯನ್ನು ಮರದ ನಡುವಿಗಲ್ಲ, ಅಂಚಿನ ಬಿರುಕಿಗೆ ಹಾಕಬೇಕು ಎನ್ನುವುದೂ. ಅತ್ತೆ ತುಂಡುಗಳನ್ನು ಸೆರಗಿನಲ್ಲಿ ಒಳಗೆ ಒಯ್ದು ಒಲೆಯ ಸುತ್ತ ಜೋಡಿಸಿದರು. ನಾಲ್ಕು ಗಂಟೆಗೆ ಬೆಳಕು ಹೋಗುವ ಹೊತ್ತಿಗೆ ಗೋಡೆಗೆ ಕೈಯಿಟ್ಟೆ. ಬೆಚ್ಚಗೆ ಅಂತ ಹೇಳಲಾಗದು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಲಿಲ್ಲ. ಹದಿನೈದು.

ಮೂರನೇ ದಿನ ಬೆಳಿಗ್ಗೆ ಹದಿನಾರೂವರೆ. ಮೊಟ್ಟೆ ತಾನಾಗಿಯೇ ಹಳದಿಯಾಗಿತ್ತು. ಹನ್ನೊಂದಕ್ಕೆ ಹದಿನೇಳು. ಅಲ್ಲೇ ನಿಂತುಬಿಟ್ಟಿತು. ಹೆಂಡತಿ ಫೋನ್ ಮಾಡಿದಳು. "ಡಿಸ್ಚಾರ್ಜ್ ಆಯ್ತು. ಎಷ್ಟು?"

"ಹದಿನೇಳು," ಅಂದೆ. "ತೊಟ್ಟಿಲ ಹತ್ರ. ಇನ್ನೆರಡು ಗಂಟೆ ಕೊಡು."

"ಸರಿ, ಕಾಯ್ತೀನಿ."

ಬಾಗಿಲ ಸಂದಿಗಳಿಗೆಲ್ಲ ಟವೆಲ್ ತುರುಕಿದೆ. ಚೆನ್ನಾಗಿ ಒಣಗಿದ ತೆಳು ತುಂಡುಗಳನ್ನೇ ಆರಿಸಿ ಒಂದರ ಹಿಂದೊಂದು ಕೊಟ್ಟೆ. ಒಂದೂವರೆಗೆ ಹದಿನೆಂಟು. ನಾನು ಕುಣಿಯಲಿಲ್ಲ, ಕುಣಿದರೆ ಗಾಳಿ ಆಡಿ ಇಳಿದುಬಿಡಬಹುದೆಂದು.

ಆಂಟಿ ತಮ್ಮ ಕಾರಿನಲ್ಲಿ ತಾಯಿ ಮಗುವನ್ನು ಗುಡ್ಡದ ಬುಡದವರೆಗೆ ತಂದರು. ಅಲ್ಲಿಂದ ಕುರಿ ಮುದುಕ ತನ್ನ ಜೀಪಿನಲ್ಲಿ ಮೇಲೆ ತಂದ. ಆರತಿ ಎತ್ತಿ, ದೃಷ್ಟಿ ತೆಗೆದು ಅತ್ತೆ ಒಳಗೆ ಕರೆದುಕೊಂಡರು. ಹೆಂಡತಿ ಮೊದಲು ನೋಡಿದ್ದು ಮೊಟ್ಟೆಯನ್ನು, ಆಮೇಲೆ ನನ್ನ ಕೈಯನ್ನು. ಮಗಳ ಟೋಪಿ ಬಿಚ್ಚಿದಳು. ಆಯಿಲ್ ಲಾರಿ ಜನವರಿಯಲ್ಲಿ ಬಂತು. ಅಲ್ಲಿಯವರೆಗೂ ನಾನು ಕೊಯ್ಯುತ್ತಲೇ ಇದ್ದೆ, ಅಂಗೈ ಗಟ್ಟಿಯಾಯಿತು.

ಮುಂದಿನ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದ ಹಾಲ್‌ನಲ್ಲಿ ನಾನು ಈ ಕಥೆಯನ್ನು ಹೊಗೆಯವರೆಗೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅತ್ತೆ ಅಷ್ಟರಲ್ಲಿ ಹುಬ್ಬಳ್ಳಿಗೆ ಮರಳಿದ್ದರು. ಊಟದ ಸಾಲಿನಲ್ಲಿ ಆಂಟಿ ನನ್ನ ಪಕ್ಕಕ್ಕೆ ಬಂದರು.

"ನಿಮ್ಮತ್ತೆ ನಿಮಗೆ ಹೇಳಿಲ್ಲ ಅಂತ ಕಾಣುತ್ತೆ. ಮೊದಲನೇ ದಿನ, ಆ ಹೊಗೆ ಆದ್ಮೇಲೆ, ನನಗೆ ಫೋನ್ ಮಾಡಿದ್ರು. 'ರೂಮ್ ತಯಾರ್ ಮಾಡಿಡ್ರಿ, ಇಲ್ಲಿ ಆಗೂದಲ್ಲ' ಅಂತ. ನಾನು ಹಾಸಿಗೆ ಎಲ್ಲ ಹಾಸಿಟ್ಟಿದ್ದೆ. ಮಾರನೇ ದಿನ ಸಾಯಂಕಾಲ ಮತ್ತೆ ಮಾಡಿ ಬೇಡ ಅಂದ್ರು. ಯಾಕ್ರೀ, ಮನೆ ಬೆಚ್ಚಗಾಯ್ತಾ ಅಂತ ಕೇಳ್ದೆ. 'ಇಲ್ರಿ, ಇನ್ನೂ ಥಂಡೀನ ಅದ. ಆದ್ರ ಮಧ್ಯಾಹ್ನದಿಂದ ಹುಡುಗ ಒಂದೂ ಚ್ಯಾಷ್ಟಿ ಮಾಡಿಲ್ಲ, ಸುಮ್ಮ ಕೊಯ್ಲಿಕ್ಕತ್ತಾನ. ಇನ್ನ ಆಗ್ತದ' ಅಂದ್ರು."