ದೊಡ್ಡಮ್ಮನ ಹಲಸಿನ ಹೊಸ್ತಿಲು

ಮಳೆ ಹಿಡಿದರೆ ಸಾಕು, ನಮ್ಮ ಮನೆಯ ಬಾಗಿಲು ಊದಿಕೊಂಡುಬಿಡುತ್ತದೆ. ಒಳಗಿದ್ದವರು ಎಳೆಯಬೇಕು, ಹೊರಗಿದ್ದವರು ಒದೆಯಬೇಕು. ನಿನ್ನೆ ಬಡಗಿ ಬಂದು ಅಂಚು ಉಜ್ಜಿದಾಗ ಬಿಳಿ ಹೊಟ್ಟು ಉದುರಿ ಮನೆಯೆಲ್ಲ ಟರ್ಪೆಂಟೈನ್ ವಾಸನೆ. ತೇಗದ ಬಣ್ಣ ಬಳಿದ ಪೈನ್ ಅದು... "ಮಳೆ ನಿಲ್ಲಲಿ, ಆಮೇಲೆ ನೋಡಾನ" ಎಂದು ಬಡಗಿ ಅರ್ಧಕ್ಕೇ ಎದ್ದು ಹೋದ. ನನಗೆ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು.

ದೊಡ್ಡಮ್ಮ ನಮಗೆ ರಕ್ತಸಂಬಂಧವಲ್ಲ. ಚನ್ನರಾಯಪಟ್ಟಣದ ಆಚೆ ನಮ್ಮೂರಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆ. ಮದುವೆಯಾಗಿ ಬಂದ ವರ್ಷವೇ ಹೊಲದ ಬದುವಿನಲ್ಲಿ ಹಲಸಿನ ಗಿಡವೊಂದನ್ನು ನೆಟ್ಟು, "ನಾವು ಮನೆ ಕಟ್ಟಿದ್ರೆ ಬಾಗ್ಲು ಇದರದ್ದೇ" ಎಂದಿದ್ದರಂತೆ. ಹೊಸ ಮನೆ ಏಳುವ ಹೊತ್ತಿಗೆ ಮರ ಎರಡು ತೋಳಿನ ತೆಕ್ಕೆಗೆ ಸಿಗುತ್ತಿರಲಿಲ್ಲ, ದೊಡ್ಡಮ್ಮನ ತಲೆ ಬೆಳ್ಳಗಾಗಿತ್ತು.

ಪುಸ್ತಕದ ಪ್ರಕಾರ ಅಗಲ ಎಲೆಯ ಮರಗಳೆಲ್ಲ ಗಟ್ಟಿಮರ, ಸೂಜಿ ಎಲೆಯ ಪೈನ್‌ನಂಥವು ಮೆದುಮರ. ಆ ಲೆಕ್ಕಕ್ಕೆ ಉಗುರಲ್ಲಿ ಗೀರಿದರೆ ಗುರುತು ಬೀಳುವ ಬೂರುಗವೂ ಗಟ್ಟಿಮರವೇ! ದೊಡ್ಡಮ್ಮನದು ಬೇರೆ ಲೆಕ್ಕ. "ಮನೆ ಹೊರೋ ಮರ ಬೇರೆ, ಪೆಟ್ಟಿಗೆ ಆಗೋ ಮರ ಬೇರೆ" ಎನ್ನುತ್ತಿದ್ದರು. ಸಿಲ್ವರ್ ಓಕ್ ಕಂಡರೆ ಮೂಗು ಮುರಿಯುತ್ತಿದ್ದರು. ಊರಿನ ಎಷ್ಟೋ ಸೂರು ಅದರ ಮೇಲೇ ನಿಂತಿದೆ ಎಂದರೂ ಕೇಳುತ್ತಿರಲಿಲ್ಲ. ಮರಗಳ ವಿಚಾರ ಅವರಿಗೆ ಅಷ್ಟೇನೂ ಗೊತ್ತಿರಲಿಲ್ಲ ಎಂದೇ ನನ್ನ ಅನುಮಾನ. ಗೊತ್ತಿದ್ದದ್ದು ಆ ಒಂದು ಮರ.

ಅದನ್ನು ಕೊಯ್ಯಿಸಲು ಸಾಮಿಲ್ಲಿಗೆ ನಾನೂ ಹೋಗಿದ್ದೆ. ಒಳಗಿನ ಚೇಗು ಅರಿಸಿನದಷ್ಟು ಹಳದಿ. ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ತಟ್ಟಿ, "ಇದು ಹೊಸ್ಲಿಗೆ, ಯಾರೂ ಮುಟ್ಬೇಡಿ" ಎಂದು ಅಲ್ಲೇ ಕುಂಕುಮ ಇಟ್ಟರು. ಆದರೆ ಹಸಿ ಮರ. ನೆರಳಿನಲ್ಲಿ ಒಣಗಿ ಹದವಾಗದಿದ್ದರೆ ಸೀಳುತ್ತದೆ. ಅವರ ಮಗನಿಗೋ ಆಷಾಢಕ್ಕೆ ಮುಂಚೆ ಗೃಹಪ್ರವೇಶ ಆಗಲೇಬೇಕಿತ್ತು.

"ಈಗ ರೆಡಿಮೇಡ್ ಬಾಗ್ಲು ತಂದ್ಬಿಡ್ತೀನಿ ಕಣಮ್ಮಾ. ನಿನ್ ಮರ ಒಣಗಿದ್ಮೇಲೆ ಬದಲಾಯಿಸಿದ್ರಾಯ್ತು."

"ಬದಲಾಯಿಸ್ತೀಯ ತಾನೆ?"

"ಹೂಂ ಅಂದ್ನಲ್ಲಮ್ಮಾ."

ಆತುರಗಾರನಿಗೆ ಬುದ್ಧಿ ಮಟ್ಟ. ಪೈನ್ ಬಾಗಿಲು ಬಂತು, ಹಲಸಿನ ಹಲಗೆಗಳು ಹಿತ್ತಿಲ ಶೀಟಿನ ಕೆಳಗೆ ಹೋದವು. ದೊಡ್ಡಮ್ಮ ಆಗಾಗ ಅವನ್ನು ಮಗ್ಗುಲು ಬದಲಿಸಿ ಇಡಿಸುತ್ತಿದ್ದರು. ಇನ್ನೊಂದು ಬೇಸಿಗೆ ಕಳೆಯಲಿ ಎನ್ನುತ್ತಿದ್ದರು...

ಆ ಬೇಸಿಗೆಯಲ್ಲೇ ಮಗಳ ಬಾಣಂತನಕ್ಕೆ ಹೊಸಕೋಟೆಗೆ ಹೋದರು. ಇಲ್ಲಿ ಮಗ ಮಹಡಿಗೆ ಮೋಲ್ಡ್ ಹಾಕಿಸಿದ. ಕಾಂಕ್ರೀಟು ಗಟ್ಟಿಯಾಗುವವರೆಗೆ ಅಡಿಯಿಂದ ಹಿಡಿದಿಡುವ ಸೆಂಟ್ರಿಂಗ್‌ಗೆ ಹಲಗೆ ಸಾಲಲಿಲ್ಲ. ಯಾವುದೋ ಅಗ್ಗದ ಮರ ಹಾಕುವ ಜಾಗ ಅದು. ಮೇಸ್ತ್ರಿ ಹಿತ್ತಿಲಲ್ಲಿ ಕಂಡದ್ದನ್ನು ತುಂಡು ಮಾಡಿ ಮೊಳೆ ಬಡಿದ. ಪೆಟ್ಟಿಗೆ ಆಗುವ ಮರ ಮುಂಬಾಗಿಲಲ್ಲಿ, ಮನೆ ಹೊರುವ ಮರ ಸಿಮೆಂಟಿನ ಕೆಳಗೆ! ಉಳಿದದ್ದು ಹೊಸ್ತಿಲಿನ ತುಂಡು. ಸ್ಕೂಟರ್ ಹತ್ತಿಸಲು ಅದನ್ನು ಮನೆ ಮುಂದಿನ ಮೋರಿಗೆ ಅಡ್ಡ ಹಾಕಿದ್ದರು.

ದೊಡ್ಡಮ್ಮ ವಾಪಸು ಬಂದವರು ಮೋರಿಯ ಮುಂದೆ ನಿಂತುಬಿಟ್ಟರು. "ಯಾರ್ಲಾ ಹಾಕಿದ್ದು ಇದನ್ನ?"

"ಗೊತ್ತಾಗ್ಲಿಲ್ಲಮ್ಮಾ, ಮೇಸ್ತ್ರಿ ತಗೊಂಡ್ಬಿಟ್ಟ..." ಎಂದು ಮಗ ತಲೆ ಕೆರೆದುಕೊಂಡ.

ಈಗ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ನನಗೆ ಅವರ ಮೇಲೇ ಸಿಟ್ಟು ಬಂತು. ಮಂಡಿ ನೋವಿನ ಹೆಂಗಸು, ಸೀರೆ ಎತ್ತಿ ಹಿಡಿದು, ತುಂಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ಮೋರಿಯನ್ನೇ ದಾಟಿ ಒಳಗೆ ಹೋದರು. ಆಮೇಲೂ ದಿನಾ ಹಾಗೆಯೇ. "ಜಾರಿ ಬಿದ್ರೆ ಏನ್ ಗತಿ ದೊಡ್ಡಮ್ಮಾ?" ಎಂದು ಗದರಿದೆ.

"ಹೊಸ್ಲು ತುಳೀತಾರೇನಪ್ಪಾ?" ಎಂದರು.

ದೊಡ್ಡಮ್ಮ ತೀರಿಹೋದ ಮೇಲೆ ಅವರ ಮನೆಯ ಪೈನ್ ಬಾಗಿಲು ಗೆದ್ದಲಿನ ಪಾಲಾಯಿತು, ಈಗ ಕಬ್ಬಿಣದ್ದು ಬಂದಿದೆ. ಮೋರಿಯ ತುಂಡು ಮಾತ್ರ ಇನ್ನೂ ಕೊಳೆತಿಲ್ಲ. ನಿನ್ನೆ ಬಡಗಿ ಹೋದದ್ದೇ ತಡ, ಅಲ್ಲಿಗೆ ಹೋಗಿ ಅವರ ಮಗನನ್ನು ಕೇಳಿದೆ. "ಆ ತುಂಡು ನನಗೆ ಕೊಡಣ್ಣ. ಉಜ್ಜಿಸಿ ನಮ್ಮನೆ ಹೊಸ್ಲಿಗೆ ಹಾಕಿಸ್ಕೊತೀನಿ."

"ಅದ್ಯಾಕ್ ಗುರು, ಹೊಸದು ತಗೊ. ಅದು ಹೋದ್ರೆ ಸ್ಕೂಟರ್ ಹೆಂಗ್ ಹತ್ತಿಸ್ಲಿ?" ಎಂದ.

ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಬರುತ್ತಿದ್ದೆ... ತುಂಡನ್ನು ತುಳಿಯದೆ ಮೋರಿ ದಾಟಲು ಹೋಗಿ ಒಂದು ಕಾಲು ಕೆಸರಿಗೆ ಇಳಿಯಿತು. "ಹಲಗೆ ಐತಲ್ಲಪ್ಪಾ, ಅದರ್ ಮೇಲೆ ಹೋಗು!" ಎಂದು ಅವನು ಹಿಂದಿನಿಂದ ಕೂಗಿದ. ದೊಡ್ಡಮ್ಮನ ಮಾತೇ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಬೇಕಾದವರು ಇಲ್ಲ. ಕೆಸರು ಕಾಲಿನಲ್ಲೇ ಮನೆಗೆ ಬಂದು, ಬಾಗಿಲನ್ನು ಒದ್ದು ತೆರೆದೆ.